ಪೂರ್ತಿ ದಾರಿ

ಸೇತುವೆ ಅರ್ಧಕ್ಕೇ ನಿಂತಿತ್ತು. ಅಮೆನಾನ್ ಆಡಿಸುತ್ತಿದ್ದ ಹುಡುಗಿ ಕೊನೆಯ ಹಲಗೆ ದಾಟಿ ಕಾಲಿಟ್ಟಳು. ಅಲ್ಲಿ ಹಲಗೆಯಿರಲಿಲ್ಲ. ಕೈಯಲ್ಲಿದ್ದ ಕೆಂಡದ ಮಡಕೆಯ ಸಮೇತ ಕೆಳಗಿನ ಕಪ್ಪು ನೀರಿಗೆ ಬಿದ್ದಳು. ಪರದೆ ಕತ್ತಲಾಯಿತು. ಮತ್ತೆ ಬೆಳಕಾದಾಗ ಅವಳು ಮುದುಕನ ಅಂಗಳದ ಬಾಗಿಲಲ್ಲಿ, ಮೊದಲಿದ್ದ ಜಾಗದಲ್ಲೇ ನಿಂತಿದ್ದಳು.

"ನೋಡಿದ್ರಲ್ಲ ಅಕ್ಕ," ಎಂದ ತಾನೋ. "ಎಲ್ಲರೂ ಬೀಳೋದು ಅಲ್ಲೇ. ನಾನೂ ಬಿದ್ದೆ, ಮಿನಾತಾನೂ ಬಿದ್ಲು. ಪ್ಯಾರಿಸ್ಸಿನವರು ನಾಲ್ಕು ಜನ ಕೂತು ಆಡಿ, ಕೊನೆಗೆ ಒಂದೇ ಸಾಲು ಬರೆದು ಕಳಿಸಿದ್ದಾರೆ. ಸೇತುವೆ ಕಟ್ಟೋದು ಮುಗಿದಿಲ್ಲ, ಅಂತ."

ತಾನೋನದು ಅಬಿಜಾನ್ ನಗರದ ಆಂಗ್ರೆ ಬಡಾವಣೆಯಲ್ಲಿ ಎರಡನೇ ಮಹಡಿಯ ಮೂರು ಕೋಣೆಗಳ ಕಚೇರಿ. ಅಲ್ಲಿ ವಿಡಿಯೊ ಆಟ ತಯಾರಿಸುತ್ತಿದ್ದವರು ಮೂವರು: ತಾನೋ, ಮಿನಾತಾ, ಅಮೆನಾನಳ ತಮ್ಮ ಲುಕು. ಈಗ ಇಬ್ಬರು. ಲುಕುವನ್ನು ತಿಯೆಬಿಸ್ಸು ಹತ್ತಿರದ ಊರಿಗೆ ಒಯ್ದು ಮಣ್ಣು ಮಾಡಿ ಬಂದ ಮೇಲೂ ಅವನ ಕುರ್ಚಿಯನ್ನು ಯಾರೂ ತೆಗೆದಿರಲಿಲ್ಲ. ಅದರಲ್ಲೇ ಈಗ ಅಮೆನಾನ್ ಕೂತಿದ್ದಳು. ಬೆನ್ನಿನ ಒರಗು ಅವನ ಎತ್ತರಕ್ಕೆ ಹೊಂದಿಸಿದ್ದು. ಅವಳಿಗೆ ಒಂದು ಗೇಣು ಹಿಂದಕ್ಕಾಗುತ್ತಿತ್ತು.

ಆಟದ ಕಥೆ ಸರಳವಾಗಿತ್ತು. ಸತ್ತವರ ಊರಾದ ಬ್ಲೋಲೋದಲ್ಲಿ ಒಲೆಗಳು ಆರಿಹೋಗಿವೆ. ಅಫ್ವೆ ಎಂಬ ಹುಡುಗಿ ಇಲ್ಲಿಂದ ಕೆಂಡ ಹೊತ್ತು ಅಲ್ಲಿಗೆ ಹೋಗಬೇಕು. ಹಾದಿಯಲ್ಲಿ ಕಾಡು, ಮಾತಾಡುವ ಕಲ್ಲು, ನೆರಳು ಕದಿಯುವ ಕೋತಿಗಳು. ಕೊನೆಯ ಹಂತವನ್ನು ಮಾತ್ರ ಲುಕು ಒಬ್ಬನೇ ಮಾಡಿದ್ದ. ಮೂತ್ರಪಿಂಡ ಕೆಟ್ಟು ವಾರಕ್ಕೆ ಮೂರು ಸಲ ಯಂತ್ರಕ್ಕೆ ಮೈಯೊಡ್ಡಿ ಮಲಗುತ್ತಿದ್ದ ತಿಂಗಳುಗಳಲ್ಲಿ ಮಾಡಿದ್ದು. ಅದನ್ನು ಹೇಗೆ ದಾಟಬೇಕೆಂದು ಯಾರಿಗೂ ಹೇಳಿರಲಿಲ್ಲ. "ಮುಂಚೆ ಹೇಳಿದ್ರೆ ಒಗಟು ಹೇಗಾಗುತ್ತೆ ತಾನೋ? ಆಡಿ ನೋಡು," ಎಂದಿದ್ದನಂತೆ.

ಸಂಜೆಯೊಳಗೆ ಪ್ಯಾರಿಸ್ಸಿನ ಪ್ರಕಾಶಕರಿಗೆ ಪೂರ್ತಿ ಆಟ ಕಳಿಸಬೇಕಿತ್ತು. ದಾಟಲಾಗದ ಹಂತವನ್ನು ಅವರು ತೆಗೆದುಕೊಳ್ಳುವುದಿಲ್ಲ. ಅದನ್ನು ಕಿತ್ತುಹಾಕಿ, ಹುಡುಗಿ ಹೊಳೆ ದಾಟಿದಂತೆ ಸಣ್ಣದೊಂದು ದೃಶ್ಯ ಸೇರಿಸಿ ಮುಗಿಸಲು ತಾನೋ ಎಲ್ಲವನ್ನೂ ಸಿದ್ಧಮಾಡಿಕೊಂಡಿದ್ದ. ಆದರೂ ಬೆಳಿಗ್ಗೆ ಯೊಪುಗೋನಿಗೆ, ಅಮೆನಾನಳ ಹೊಲಿಗೆ ಅಂಗಡಿಗೆ, ಫೋನು ಮಾಡಿದ್ದ.

"ಅಕ್ಕ, ಚಿಕ್ಕಂದಿನಿಂದ ಅವನ ಜೊತೆ ಆಡಿದೋರು ನೀವು. ಒಂದ್ಸಲ ನೋಡಿ. ನಿಮ್ಮ ಕೈಲೂ ಆಗದಿದ್ರೆ ನಾನು ತೆಗೀತೀನಿ. ಆಮೇಲೆ ನನಗೂ ಸಮಾಧಾನ ಇರುತ್ತೆ."

ಅವನು ಹೇಳಿದ್ದು ನಿಜ. ಯೊಪುಗೋನಿನ ಆಟದ ಅಂಗಡಿಯಲ್ಲಿ ನಾಣ್ಯ ಕೊಟ್ಟು ಬೆಂಚಿನ ಮೇಲೆ ಕಾಯುತ್ತಿದ್ದ ಕಾಲದಿಂದಲೂ ಬಟನ್ ಒತ್ತುವುದು ಲುಕುವಿನ ಕೆಲಸ, ಬೀಗ ಎಲ್ಲಿದೆಯೆಂದು ಹುಡುಕುವುದು ಅಮೆನಾನಳ ಕೆಲಸ. ಹುಡುಗರು ಫುಟ್‌ಬಾಲ್ ಆಟಕ್ಕೆ ಕಿತ್ತಾಡುತ್ತಿದ್ದರೆ ಇವರಿಬ್ಬರೂ ಮೂಲೆಯ ಹಳೆಯ ಟಿ.ವಿ.ಯ ಮುಂದೆ ಯಾವುದೋ ಕೋಟೆಯೊಳಗೆ ಸಿಕ್ಕಿಕೊಂಡು ಕೂತಿರುತ್ತಿದ್ದರು. "ಹಿಂದೆ ನೋಡೋ, ಹಿಂದೆ. ಒಳಗೆ ಬಂದ ಬಾಗಿಲ ಹಿಂದೆ ಯಾರೂ ನೋಡಲ್ಲ," ಎಂದು ಅವಳು ಅವನ ತಲೆಗೆ ಮೊಟಕುತ್ತಿದ್ದಳು.

ಬೆಳಗಿನಿಂದ ಈ ಹಂತದ ಮೊದಲ ಭಾಗವನ್ನೆಲ್ಲ ಅವಳು ನೀರು ಕುಡಿದಷ್ಟು ಸುಲಭವಾಗಿ ದಾಟಿದ್ದಳು. ಒನಕೆಗಳು ತಾವಾಗಿಯೇ ಕುಟ್ಟುವ ಅಂಗಳದಲ್ಲಿ, ಎರಡು ಪೆಟ್ಟಿನ ನಡುವಿನ ಬಿಡುವಿನಲ್ಲಿ ಕಾಲಿಡಬೇಕು. ಅದು ಅವರಮ್ಮ ಬೆಂದ ಗೆಡ್ಡೆಯನ್ನು ಫುಟು ಮುದ್ದೆಗೆ ಕುಟ್ಟುತ್ತಿದ್ದ ಲಯ. ಗಾಳಿ ಬೀಸುವ ಓಣಿಯಲ್ಲಿ ಕೆಂಡ ಆರದಂತೆ ಗೋಡೆಗೆ ಬೆನ್ನು ಕೊಟ್ಟು ಅಡ್ಡಡ್ಡ ನಡೆಯಬೇಕು. ಬಾವಿಯೊಳಗೆ ಕಾಣುವ ಚಂದ್ರನನ್ನು ಸೇದಬೇಕಾದಲ್ಲಿ ಹಗ್ಗವೇ ಇರಲಿಲ್ಲ. ಅವಳು ಹುಡುಗಿಯನ್ನು ತಿರುಗಿಸಿ, ಒಳಗೆ ಬಂದ ಬಾಗಿಲ ಹಿಂದೆ ನೋಡಿದಳು. ಹಗ್ಗ ಅಲ್ಲಿ ಮೊಳೆಗೆ ನೇತುಬಿದ್ದಿತ್ತು.

"ಅಯ್ಯೋ ನನ್ನಪ್ಪಾ!" ಎಂದು ಮಿನಾತಾ ಹಣೆ ಚಚ್ಚಿಕೊಂಡಳು. "ಆ ಹಗ್ಗಕ್ಕೆ ನಾನು ಎರಡು ದಿನ ಅತ್ತಿದ್ದೀನಿ."

ಅಮೆನಾನ್ ಅರೆ ನಕ್ಕಳು. ತಮ್ಮ ಹೋದ ಮೇಲೆ ಅವನ ಕುಚೋದ್ಯವೊಂದು ಅವಳ ಕೈಗೆ ಸಿಕ್ಕಿದ್ದು ಅದೇ ಮೊದಲು.

ಆಮೇಲೆ ಈ ಮುದುಕನ ಅಂಗಳ. ಅಲ್ಲಿ ಏನಾಗುತ್ತದೆನ್ನುವುದನ್ನು ಅವರ ಬಾವುಲೆ ಜನಾಂಗದ ಯಾವ ಮನೆಯ ಮಗುವೂ ಹೇಳಬಲ್ಲದು. ಹುಡುಗಿ ಬರುತ್ತಾಳೆ. ಮುದುಕ ಮಣೆ ತೋರಿಸುತ್ತಾನೆ. ಸೋರೆಬುರುಡೆಯಲ್ಲಿ ನೀರು ಕೊಡುತ್ತಾನೆ. ನೀರು ಕುಡಿದ ಮೇಲೆ, "ಏನು ಸುದ್ದಿ, ಮಗಳೇ?" ಎಂದು ಕೇಳುತ್ತಾನೆ. ಹುಡುಗಿ ಕೆಂಡದ ಕಥೆ ಹೇಳುತ್ತಾಳೆ. ಮುಗಿದ ಮೇಲೆ ಕಂಟ್ರೋಲರಿನ ಚೌಕದ ಬಟನ್ ಒತ್ತಿದರೆ ಅವಳು ಎದ್ದು ನಿಂತು, "ನನಾನ್, ದಾರಿ ಕೇಳ್ತೀನಿ," ಎನ್ನುತ್ತಾಳೆ. ಹಿರಿಯರನ್ನು ನನಾನ್ ಎಂದೇ ಕರೆಯುವುದು. "ಅರ್ಧ ಕೊಟ್ಟಿದ್ದೀನಿ," ಎನ್ನುತ್ತಾನೆ ಮುದುಕ. ಅಂಗಳದಾಚೆ ಹೊಳೆಯ ಮೇಲೆ ಅರ್ಧ ಸೇತುವೆ ಮೂಡುತ್ತದೆ.

ದಾರಿ ಕೇಳುವುದೆಂದರೆ ಹೊರಡಲು ಅಪ್ಪಣೆ ಕೇಳುವುದು. ಹೊರಡುವ ನೆಂಟರಿಗೆ ಪೂರ್ತಿ ದಾರಿಯನ್ನು ಯಾರೂ ಕೊಡುವುದಿಲ್ಲ. ಉಳಿದರ್ಧ ಮನೆಯಲ್ಲೇ ಇರುತ್ತದೆ; ಅದನ್ನು ತೆಗೆದುಕೊಳ್ಳಲಾದರೂ ಇನ್ನೊಮ್ಮೆ ಬರಲಿ ಎಂದು. ಅರ್ಧ ಸಿಕ್ಕವರು ಬಾಗಿ ವಂದಿಸಿ ಹೊರಡುತ್ತಾರೆ. ಅಮೆನಾನ್ ಕೂಡ ಪ್ರತಿಸಲ ವೃತ್ತದ ಬಟನ್ ಒತ್ತಿ ಹುಡುಗಿಯಿಂದ ವಂದನೆ ಮಾಡಿಸಿದ್ದಳು, ಹೊರಟಿದ್ದಳು, ಬಿದ್ದಿದ್ದಳು. ಓಡಿ ಜಿಗಿದು ನೋಡಿದಳು. ಮಡಕೆ ಕೆಳಗಿಟ್ಟು ಜಿಗಿದಳು. ಹಲಗೆಗಳ ಅಡಿಯಲ್ಲಿ ಹುಡುಕಿದಳು. ಬಾಗಿಲ ಹಿಂದೆಯೂ ನೋಡಿದಳು. ಏನೂ ಇರಲಿಲ್ಲ.

ಎಲ್ಲಕ್ಕಿಂತ ಕಷ್ಟವಾಗಿದ್ದು ಬೀಳುವುದಲ್ಲ. ಮುದುಕನ ಧ್ವನಿ ಲುಕುವಿನದು. ನಟರು ಸಿಗುವವರೆಗೆ ಇರಲಿ ಎಂದು ಅವನು ತಾನೇ ಮಾತಾಡಿ ಧ್ವನಿ ತುಂಬಿದ್ದ. ತಾಯಿಯ ತಂದೆಯನ್ನು ಅಣಕಿಸುತ್ತಿದ್ದ ಅದೇ ಗೊಗ್ಗರು ದನಿ. "ಏನು ಸುದ್ದಿ, ಮಗಳೇ?" ಪ್ರತಿಸಲ ಬಿದ್ದಾಗಲೂ ಅವಳು ವಾಪಸು ಬಂದು ಅದನ್ನು ಕೇಳಬೇಕಿತ್ತು. ಕೇಳುವ ಆಸೆಗೇ ತಾನು ಬೇಕೆಂದು ಬೀಳುತ್ತಿದ್ದೇನೆಯೇ ಎಂಬ ಅನುಮಾನ ಅವಳಿಗೆ ಒಂದೆರಡು ಸಲ ಬಂತು.

ಮಿನಾತಾ ಕೆಳಗಿನ ಬೀದಿಯಿಂದ ಆಲೊಕೊ ತಂದಳು. ಕರಿದ ಬಾಳೆಯ ಪೊಟ್ಟಣ ಬಿಚ್ಚಿ ಮೂವರೂ ತಿಂದರು.

"ನಿಮ್ಮ ಬಾವುಲೆ ಜನರ ಕಥೆಯೇ ಇಷ್ಟು," ಎಂದಳು ಮಿನಾತಾ. ಅವಳು ಉತ್ತರದ ಕೊರೊಗೊ ಕಡೆಯವಳು. "ಹೊರಡ್ತೀನಿ ಅನ್ನೋಕೆ ಒಂದು ಗಂಟೆ, ಹೊರಡೋಕೆ ಇನ್ನೊಂದು ಗಂಟೆ. ಅಷ್ಟಾದ್ರೂ ಸೇತುವೆ ಅರ್ಧವೇ."

"ನೀವೇನು ಕಮ್ಮಿನಾ? ಮೂರು ಸಲ ಚಹಾ ಕುದಿಸದೆ ನಿಮ್ಮವರು ಚಾಪೆ ಬಿಟ್ಟು ಏಳಲ್ಲ."

"ನಮ್ಮಲ್ಲಿ ಚಹಾನಾದ್ರೂ ಸಿಗುತ್ತಲ್ಲ ಅಕ್ಕ. ನಿಮ್ಮ ಮುದುಕ ನೀರು ಮಾತ್ರ ಕೊಡ್ತಾನೆ. ಅದೂ ಪದೇ ಪದೇ."

ಅಮೆನಾನಳ ಕೈ ಪೊಟ್ಟಣದ ಮೇಲೆ ನಿಂತಿತು. "ಪದೇ ಪದೇ ಅಂದ್ರೆ?"

"ಅರ್ಧ ಕೊಟ್ಟ ಮೇಲೂ ನಾನು ಒಂದ್ಸಲ ಚೌಕ ಒತ್ತಿದ್ದೆ. 'ಕೂತ್ಕೋ, ನೀರು ಕುಡಿ' ಅಂದ. ಮಾತು ಮತ್ತೆ ಮೊದಲಿಂದ ಶುರುವಾಯ್ತಲ್ಲ ಅಂತ ಬಿಟ್ಟೆ. ಪ್ಯಾರಿಸ್ಸಿನವರೂ ಹಾಗೇ ಬರೆದಿದ್ರು, ಮಾತು ಸುತ್ತಿ ಸುತ್ತಿ ಅಲ್ಲಿಗೇ ಬರುತ್ತೆ, ಅಂತ."

"ನೀನು ಒತ್ತಿದ್ಯಾ ತಾನೋ?"

"ಎರಡನೇ ಸಲಾನಾ?" ತಾನೋ ಅವಳ ಮುಖವನ್ನೇ ನೋಡಿದ. ಅವನೂ ಬಾವುಲೆಯವನೇ. "ಅರ್ಧ ಕೊಟ್ಟ ಮೇಲೆ ಮತ್ತೆ ಯಾರು ಕೇಳ್ತಾರೆ ಅಕ್ಕ? ನಮ್ಮಜ್ಜಿ ಇದ್ದಿದ್ರೆ ಕಪಾಳಕ್ಕೆ ಬಿಗೀತಿದ್ರು."

ಅಮೆನಾನ್ ಎಣ್ಣೆಗೈಯನ್ನು ಕಾಗದಕ್ಕೆ ಒರೆಸಿಕೊಂಡಳು, ಒಂದೊಂದೇ ಬೆರಳು.

ಲುಕು ಸಾಯುವ ಹಿಂದಿನ ಸಂಜೆ ಅವಳು ಆಸ್ಪತ್ರೆಯಲ್ಲಿದ್ದಳು. ಭೇಟಿಯ ಹೊತ್ತು ಮುಗಿದು, ಕಾವಲಿನವನು ಬಾಗಿಲು ತಟ್ಟುತ್ತ ಬರುತ್ತಿದ್ದ. ಅವಳು ಚೀಲ ಹೆಗಲಿಗೇರಿಸಿ ಎಂದಿನಂತೆ, "ಲುಕು, ದಾರಿ ಕೊಡಪ್ಪ," ಎಂದಳು. ಅವನು ಹೊದಿಕೆಯೊಳಗಿಂದ ಅವಳನ್ನು ನೋಡಿ, "ಇವತ್ತು ಪೂರ್ತಿ ತಗೋ ಅಕ್ಕ," ಎಂದ. ಅವಳು ಅವನ ತೋಳಿಗೆ ಮೆಲ್ಲಗೆ ಹೊಡೆದಳು. "ಬಾಯಿ ಮುಚ್ಚು. ನಂಗೆ ಅರ್ಧ ಸಾಕು. ಉಳಿದಿದ್ದನ್ನ ದಿಂಬಿನ ಕೆಳಗಿಟ್ಕೋ, ನಾಳೆ ಬಂದು ತಗೋತೀನಿ." ಅವನು ನಕ್ಕಿದ್ದ. ಮರುದಿನ ಬೆಳಿಗ್ಗೆ ಅವಳು ಗ್ಬಾಕಾ ವ್ಯಾನಿನಲ್ಲಿ ನೂಕುನುಗ್ಗಲಿನ ನಡುವೆ ನಿಂತಿದ್ದಾಗ ಆಸ್ಪತ್ರೆಯಿಂದ ಫೋನು ಬಂತು.

ಪೂರ್ತಿ ದಾರಿ ಸಿಗುವುದು ತಿರುಗಿ ಬಾರದವರಿಗೆ ಮಾತ್ರ. ಬ್ಲೋಲೋಗೆ ಹೋಗುವವರಿಗೆ. ಆಟದ ಹುಡುಗಿ ಹೊರಟಿರುವುದೂ ಬ್ಲೋಲೋಗೇ ಅಲ್ಲವೇ?

ಅವಳು ಕಂಟ್ರೋಲರ್ ಎತ್ತಿಕೊಂಡಳು. ಮಣೆ, ನೀರು, ಸುದ್ದಿ. ಚೌಕ.

"ಅರ್ಧ ಕೊಟ್ಟಿದ್ದೀನಿ, ಮಗಳೇ."

ಹೆಬ್ಬೆರಳು ಅಭ್ಯಾಸಬಲದಿಂದ ವೃತ್ತದ ಕಡೆ ಹೋಯಿತು. ಅದನ್ನು ಅವಳು ಎಳೆದು ತಂದು ಚೌಕದ ಮೇಲಿಟ್ಟು ಒತ್ತಿದಳು. ನಿಜವಾದ ಮನೆಯೊಂದರಲ್ಲಿ, ನಿಜವಾದ ಹಿರಿಯನೊಬ್ಬನ ಮುಂದೆ ಬಾಯಿಬಿಟ್ಟು ಕೇಳಿದಷ್ಟೇ ನಾಚಿಕೆಯಾಯಿತು.

"ದಾರಿ ಕೇಳ್ತೀನಿ, ನನಾನ್."

"ಯಾಕೆ, ಅರ್ಧ ಸಾಲಲಿಲ್ವಾ? ಬಾಯಾರಿದೆ ನಿಂಗೆ. ಕೂತ್ಕೋ, ನೀರು ಕುಡಿ."

ನೀರಿನ ಬುರುಡೆ ಮತ್ತೆ ಮುಂದೆ ಬಂತು. ಮಿನಾತಾ ಹೇಳಿದಂತೆ, ಎಲ್ಲವೂ ಮೊದಲಿನಿಂದ ಶುರುವಾದ ಹಾಗೆಯೇ. ಅಮೆನಾನ್ ನೀರು ತೆಗೆದುಕೊಳ್ಳಲಿಲ್ಲ. ಮತ್ತೆ ಚೌಕ ಒತ್ತಿದಳು. ಬುರುಡೆ ಮುದುಕನ ಕೈಯಿಂದ ಜಾರಿ, ಅಂಗಳದಾಚೆಗೆ ತೇಲಿಹೋಗಿ ಕಣ್ಮರೆಯಾಯಿತು. ಅವಳು ನೋಟವನ್ನು ಹೊಳೆಯ ಕಡೆ ತಿರುಗಿಸಿದಳು.

"ಹಲಗೆ!" ಎಂದು ಮಿನಾತಾ ಕಿರುಚಿದಳು. "ಒಂದು ಹಲಗೆ ಜಾಸ್ತಿಯಾಯ್ತು! ತಾನೋ, ನೋಡೋ ಇಲ್ಲಿ!"

ತಾನೋ ಪರದೆಗೆ ಮೂಗು ತಾಗುವಷ್ಟು ಬಗ್ಗಿದ. ಹೊಸ ಹಲಗೆ ಹಳದಿಯಾಗಿತ್ತು, ಸೋರೆಬುರುಡೆಯ ಬಣ್ಣ. "ಅದಕ್ಕೇ ಕಡತಗಳಲ್ಲಿ ಉಳಿದರ್ಧ ಸೇತುವೆ ಸಿಗಲಿಲ್ಲ," ಎಂದ. "ಅವನು ಮಾಡೇ ಇಲ್ಲ. ಅಂಗಳದ ಸಾಮಾನಿಂದಲೇ ಕಟ್ಟಿಸ್ತಿದ್ದಾನೆ."

ಅಮೆನಾನ್ ಮತ್ತೆ ಒತ್ತಿದಳು.

"ಒಲೆ ಮೇಲೆ ಸಾರಿದೆ ಮಗಳೇ. ಫುಟು ಕುಟ್ಟಿಸಿದ್ದೀನಿ. ಹಸಿದ ಹೊಟ್ಟೇಲಿ ಕಳಿಸಿದೆ ಅಂತ ನಿಮ್ಮಮ್ಮ ನನ್ನ ಬೈಯಲ್ವಾ?"

ಒತ್ತಿದಳು. ಒಲೆ, ಗಡಿಗೆ, ಒನಕೆ ಹೊಳೆಯ ಮೇಲೆ ಹಲಗೆಗಳಾದವು.

"ಈ ಬಿಸಿಲಲ್ಲಿ ಯಾರು ನಡೀತಾರೆ? ಮಾವಿನ ಮರ ಇದೆ, ನೆರಳಿದೆ. ಸ್ವಲ್ಪ ಕಾಲು ಚಾಚು."

ಒತ್ತಿದಳು. ಮರ ಹೋಯಿತು. ಅಂಗಳದ ತುಂಬ ಬಿಸಿಲು ಬಿತ್ತು.

"ಆಡು ಮರಿ ಹಾಕೋ ಹಾಗಿದೆ. ನಂಗೆ ಕಣ್ಣು ಕಾಣಲ್ಲ. ನೀನಿರಬೇಕು ಮಗಳೇ, ನೀನಿಲ್ದೆ ಇದ್ರೆ ಮರೀನ ಯಾರು ಹಿಡೀತಾರೆ?"

ಮಿನಾತಾ ನಕ್ಕುಬಿಟ್ಟಳು, ಆಮೇಲೆ ಬಾಯಿ ಮುಚ್ಚಿಕೊಂಡಳು. ಅಮೆನಾನಳಿಗೆ ಈ ಮಾತುಗಳೆಲ್ಲ ಗೊತ್ತಿದ್ದವು. ರಜೆ ಮುಗಿದು ಊರಿನಿಂದ ಹೊರಡುವಾಗ ಅಜ್ಜ ಹೀಗೇ ಒಂದೊಂದೇ ನೆವ ಹೇಳಿ ಬಸ್ಸು ತಪ್ಪಿಸುತ್ತಿದ್ದ. ಎಂಟು ವರ್ಷದ ಲುಕು ಅಜ್ಜನ ಮಣೆಯ ಹಿಂದೆ ಅವಿತು, ಮುಂದಿನ ನೆವ ಏನೆಂದು ಅವನ ಕಿವಿಯಲ್ಲಿ ಹೇಳಿಕೊಡುತ್ತಿದ್ದ. ಆಡಿನ ನೆವ ಲುಕುವಿನದೇ.

ಅವಳು ಒತ್ತಿದಳು. ಆಡು ಹೋಯಿತು. ಗುಡಿಸಲ ಹುಲ್ಲು, ಗೋಡೆ, ಬಾಗಿಲು ಹೋದವು. ಒಂದೊಂದು ನೆವವನ್ನು ತಳ್ಳಿಹಾಕಿದಾಗಲೂ ಸೇತುವೆ ಒಂದಿಷ್ಟು ಬೆಳೆಯಿತು, ಅಂಗಳ ಅಷ್ಟೇ ಬರಿದಾಯಿತು. ಈಗ ಉಳಿದಿದ್ದು ಮುದುಕ, ಅವನ ಮಣೆ, ಅವನ ಊರುಗೋಲು.

"ನಾಳೆ ಹೋಗು," ಎಂದ ಮುದುಕ. "ನಾಳೆ ನಾನೂ ಬರ್ತೀನಿ. ಜೊತೆಗೆ ಹೋಗೋಣ."

ಈ ಧ್ವನಿ ಬೇರೆಯಾಗಿತ್ತು. ಅಜ್ಜನ ಅಣಕ ಇದರಲ್ಲಿರಲಿಲ್ಲ. ಮುದುಕನ ದನಿ ತರಲು ಲುಕು ಇಲ್ಲಿ ಶ್ರಮಪಡಬೇಕಾಗಿರಲಿಲ್ಲ. ಮಾತಿನ ನಡುನಡುವೆ ಉಸಿರು ಕಟ್ಟುತ್ತಿತ್ತು. ಹಿನ್ನೆಲೆಯಲ್ಲಿ ಕಬ್ಬಿಣದ ಗಾಲಿಗಳ ಸದ್ದಿತ್ತು. ವಾರ್ಡಿನ ಊಟದ ಗಾಡಿ, ಒಂದು ಗಾಲಿ ಕಿರುಗುಟ್ಟುವುದು. ಅದನ್ನು ಅವಳು ಎಲ್ಲಿದ್ದರೂ ಗುರುತಿಸಬಲ್ಲಳು. ಹೊದಿಕೆಯನ್ನು ತಲೆವರೆಗೆ ಎಳೆದುಕೊಂಡು ಅವನು ಫೋನಿನಲ್ಲಿ ಪಿಸುಗುಟ್ಟುತ್ತಿದ್ದ ಮಧ್ಯಾಹ್ನಗಳು ನೆನಪಾದವು. "ಯಾರೋ ಅವಳು? ನಮಗೂ ತೋರ್ಸೋ," ಎಂದು ಅವಳು ಕೀಟಲೆ ಮಾಡಿದ್ದಳು. "ತೋರಿಸ್ತೀನಿ ಇರಕ್ಕ, ಅವಸರ ಯಾಕೆ?" ಎಂದಿದ್ದ.

"ಅಕ್ಕ," ಎಂದ ತಾನೋ ಹಿಂದಿನಿಂದ. "ಸಾಕಾದ್ರೆ ನಾನು ಒತ್ತಲಾ?"

"ಬೇಡ."

ಪರದೆಯ ಮೂಲೆಯಲ್ಲಿ ಚೌಕ ಮಿಣುಕುತ್ತಿತ್ತು. ಅದರ ಪಕ್ಕದಲ್ಲೇ ವೃತ್ತವೂ ಇತ್ತು. ವೃತ್ತ ಒತ್ತಿದರೆ ಹುಡುಗಿ ವಂದಿಸಿ ಹೋಗಿ ಬೀಳುತ್ತಾಳೆ. ಮಾವಿನ ಮರ, ಆಡು, ಸಾರು ಎಲ್ಲವೂ ಮರಳಿ ಬರುತ್ತವೆ. ಮುದುಕ ಮತ್ತೆ ಸುದ್ದಿ ಕೇಳುತ್ತಾನೆ. ಸಂಜೆ ತಾನೋ ಹಂತವನ್ನು ಕಿತ್ತುಹಾಕುತ್ತಾನೆ, ಅಷ್ಟೇ. ಲುಕು ಸೇತುವೆಯನ್ನು ಅರ್ಧಕ್ಕೇ ಬಿಟ್ಟು ಸತ್ತನೆಂದು ಪ್ಯಾರಿಸ್ಸಿನವರು ತಿಳಿದುಕೊಂಡಿರುತ್ತಾರೆ.

ಅವನು ಬಿಟ್ಟಿರಲಿಲ್ಲ.

ಅವಳು ಚೌಕ ಒತ್ತಿದಳು.

"ದಾರಿ ಕೇಳ್ತೀನಿ, ನನಾನ್," ಎಂದಳು ಹುಡುಗಿ.

ಮುದುಕ ಬಹಳ ಹೊತ್ತು ಮಾತಾಡಲಿಲ್ಲ. ಆಟ ನಿಂತೇಹೋಯಿತೇನೋ ಎಂದು ಮಿನಾತಾ ಕೀಲಿಮಣೆಯ ಕಡೆ ಕೈ ಚಾಚಿದಾಗ ತಾನೋ ಅವಳ ಮಣಿಕಟ್ಟು ಹಿಡಿದ. ಒಂದು ಕೆಮ್ಮು ಕೇಳಿಸಿತು. ಆಮೇಲೆ ಉಸಿರು.

"ಸರಿ," ಎಂದ ಲುಕು. "ಇವತ್ತು ಪೂರ್ತಿ ತಗೋ."

ಮುದುಕ ಎದ್ದ. ಮಣೆ ಹೋಯಿತು. ಊರುಗೋಲನ್ನು ಹೊಳೆಯ ಕಡೆಗೆ ಚಾಚಿದ. ಅದು ಕೊನೆಯ ಹಲಗೆಯಾಗಿ ಆಚೆ ದಡಕ್ಕೆ ತಾಗಿತು. ಬರಿನೆಲದ ಮೇಲೆ ಅವನು ಹೆಗಲು ಬಾಗಿಸಿಕೊಂಡು, ಕೈ ಇಳಿಬಿಟ್ಟು ನಿಂತಿದ್ದ. ಅಮೆನಾನ್ ಹುಡುಗಿಯನ್ನು ನಡೆಸಿದಳು. ಹಳೆಯ ಹಲಗೆಗಳು ಮುಗಿದು, ಬುರುಡೆಯ ಹಳದಿ ಹಲಗೆ, ಒಲೆಯ ಮಸಿ ಹಿಡಿದ ಹಲಗೆ, ಮಾವಿನ ಹಲಗೆ. ಯಾವುದೂ ಅಲುಗಲಿಲ್ಲ. ನಡುವೆ ಒಮ್ಮೆ ಅವಳು ನೋಟವನ್ನು ಹಿಂದಕ್ಕೆ ತಿರುಗಿಸಿದಳು. ಚಿಕ್ಕಂದಿನಿಂದ ಬಂದ ಅಭ್ಯಾಸ. ದಾಟಿ ಬಂದ ಹಲಗೆಗಳು ಒಂದೂ ಇರಲಿಲ್ಲ. ಅಂಗಳವಿರಲಿಲ್ಲ. ಮುದುಕನಿರಲಿಲ್ಲ.

ಆಚೆ ದಡದಲ್ಲಿ ಯಾರೋ ಕೈ ಚಾಚಿ ಕೆಂಡದ ಮಡಕೆ ತೆಗೆದುಕೊಂಡರು. ಕತ್ತಲ ಊರಿನಲ್ಲಿ ಮೊದಲ ಒಲೆ ಹೊತ್ತಿತು, ಆಮೇಲೆ ಇನ್ನೊಂದು. ಹಂತ ಮುಗಿಯಿತೆಂದು ಪರದೆ ಹೇಳಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಾನೋ ಕಿಟಕಿಯ ಹತ್ತಿರ ಹೋಗಿ ಬೆನ್ನು ಮಾಡಿ ನಿಂತ. ಅಲ್ಲಿಂದಲೇ, "ಹಂತ ಇರುತ್ತೆ ಅಕ್ಕ. ಧ್ವನೀನೂ ಅದೇ ಇರುತ್ತೆ. ನಟರು ಬೇಡ," ಎಂದ.

"ಪ್ಯಾರಿಸ್ಸಿಗೆ ವಿಡಿಯೊ ಮಾಡಿ ಕಳಿಸ್ಬೇಕಲ್ಲ," ಎಂದಳು ಮಿನಾತಾ ಮೂಗು ಒರೆಸಿಕೊಳ್ಳುತ್ತ. "ಇನ್ನೊಂದ್ಸಲ ಆಡ್ತೀರಾ?"

ಅಮೆನಾನ್ ಇಲ್ಲವೆಂದು ತಲೆಯಾಡಿಸಿದಳು. ಹೊಸದಾಗಿ ಶುರುಮಾಡಿದರೆ ಅಂಗಳವೂ ಮುದುಕನೂ ಮತ್ತೆ ಇರುತ್ತಾರೆಂದು ಅವಳಿಗೆ ಗೊತ್ತಿತ್ತು. ಇನ್ನೊಂದು ಸಲ ಅವನನ್ನು ಅಲ್ಲಿ ಹಾಗೆ ನಿಲ್ಲಿಸಿ ಬರುವುದು ಅವಳಿಂದ ಆಗುತ್ತಿರಲಿಲ್ಲ.

"ಮರೀ, ನೀನೇ ಆಡು. ದಾರಿ ಕೇಳ್ತಾನೇ ಇರು. ಇರು ಅಂತಾನೆ, ಇರಬೇಡ. ಕೊನೇಲಿ ಸುಮ್ಮನಾಗ್ತಾನೆ. ಹೆದರ್ಕೋಬೇಡ, ಕಾಯಿ."

ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋಗಿ ನಿಂತಳು. ದಾರಿ ಕೇಳದೆ ಹೋಗುವಂತಿರಲಿಲ್ಲ. ಕೇಳಲೂ ಮನಸ್ಸು ಬರಲಿಲ್ಲ. ತಾನೋಗೆ ಅದು ಅರ್ಥವಾಯಿತು. ಕೇಳುವ ಮುಂಚೆಯೇ ಅವನು ಕಿಟಕಿಯಿಂದ ತಿರುಗಿದ.

"ಅರ್ಧ, ಅಕ್ಕ," ಎಂದ. "ಅರ್ಧ ಮಾತ್ರ ಕೊಟ್ಟಿದ್ದೀನಿ."

ಅವಳು ಬಾಗಿ ವಂದಿಸಿದಳು.

ಮೊದಲ ಮಹಡಿಯ ತಿರುವಿಗೆ ಬರುವಷ್ಟರಲ್ಲಿ ಮೇಲೆ ಮಿನಾತಾ ಮುದುಕನ ಅಂಗಳದಿಂದಲೇ ಆಟ ಶುರುಮಾಡಿದ್ದಳು. ಬಾಗಿಲು ತೆರೆದೇ ಇತ್ತು. "ಏನು ಸುದ್ದಿ, ಮಗಳೇ?" ಎಂದಿತು ಗೊಗ್ಗರು ದನಿ. ಅಮೆನಾನ್ ಗೋಡೆ ಹಿಡಿದು ನಿಂತಳು. ನೀರಿನ ಮಾತು ಬಂತು, ಸಾರಿನ ಮಾತು ಬಂತು, ಆಡು ಬಂತು. ಮಿನಾತಾ ಈ ಸಲ ನಗಲಿಲ್ಲ. ಆಮೇಲೆ ಕಿರುಗುಟ್ಟುವ ಗಾಲಿಯ ಸದ್ದು ಮೆಟ್ಟಿಲಿಳಿದು ಬಂತು, "ನಾಳೆ ನಾನೂ ಬರ್ತೀನಿ," ಎಂಬ ಮಾತು ಬಂತು, ಅದರ ಹಿಂದೆ ಏನೂ ಇಲ್ಲ. ಮಿನಾತಾಳ ಬೆರಳು ಬಟನ್ ಮೇಲೆ ನಿಂತುಬಿಟ್ಟಿರಬೇಕು.

"ಒತ್ತು ಮರೀ," ಎಂದಳು ಅಮೆನಾನ್, ಮೇಲಿನವರಿಗೆ ಕೇಳಿಸದಷ್ಟು ಮೆಲ್ಲಗೆ. "ಒತ್ತು."